ಹಾಡನ್ನು ಹಿಡಿದಿಡುವವರು ಎಂಥ ಸ್ಪೀಕರನ್ನು ಕೊಳ್ಳಬೇಕು?

ಸಂಗೀತವನ್ನು ಕೇಳಿ ಸಂತೋಷಪಡುವವರು ಒಂದು ವರ್ಗ. ತಮ್ಮ ಮನೆಯಲ್ಲಿ ಹಾಡಿದುದನ್ನೂ ಓದಿದುದನ್ನೂ ಮುದ್ರಿಸಿ ಮಕ್ಕಳ ಕಾಲಕ್ಕೆ ಉಳಿಸಬೇಕೆಂಬ ಹಂಬಲವುಳ್ಳವರು ಇನ್ನೊಂದು ವರ್ಗ. ಈ ಎರಡನೆಯ ವರ್ಗದವರು ಈಗ ಕಡಮೆಯೇನಲ್ಲ. ಒಳ್ಳೆಯ ಮೈಕು ಸಾಧಾರಣ ಗೃಹಸ್ಥನ ಕೈಗೆಟುಕುವ ಬೆಲೆಗೆ ದೊರೆಯುತ್ತದೆ. ಕಂಪ್ಯೂಟರು ಅನೇಕರ ಮನೆಗಳಲ್ಲಿದೆ. ಆದರೆ ಮುದ್ರಿಸಿದುದನ್ನು ಕೇಳಿ ಅದರ ಗುಣದೋಷಗಳನ್ನು ತೀರ್ಮಾನಿಸುವುದಕ್ಕೆ ಬೇಕಾದ ಸ್ಪೀಕರುಗಳ ವಿಷಯದಲ್ಲಿ ಮಾತ್ರ ನಮ್ಮವರು ಬಹಳ ಉದಾಸೀನರು. ಅಂಗಡಿಯಲ್ಲಿ ಯಾವುದು ಹೆಚ್ಚು ಗದ್ದಲ ಮಾಡಿತೋ ಅದನ್ನೇ ಹೊತ್ತು ತರುತ್ತಾರೆ. ನಾನೂ ಹಾಗೆ ಮಾಡಿದವನೇ. ಅದರಿಂದ ನನಗಾದ ನಷ್ಟವನ್ನು ಮೊದಲು ಹೇಳಿ, ಕೊಳ್ಳುವ ಕ್ರಮವನ್ನು ಆಮೇಲೆ ಹೇಳುತ್ತೇನೆ.

ನಮ್ಮ ಸೋದರಮಾವನವರು ಗಮಕಿಗಳು. ಸಭೆಗಳಲ್ಲಿ ಓದಿ ಹೆಸರು ಮಾಡಿದವರಲ್ಲ. ಮನೆಯ ಜಗಲಿಯಲ್ಲಿ ಕುಳಿತು, ಕೇಳಬಂದ ನಾಲ್ಕು ಜನಕ್ಕೆ ಕುಮಾರವ್ಯಾಸನ ಭಾರತವನ್ನು ಓದಿ ಅರ್ಥ ಹೇಳುತ್ತಿದ್ದವರು. ೨೦೧೯ರ ಚಳಿಗಾಲದಲ್ಲಿ ಅವರೂ ನಮ್ಮ ಅತ್ತೆಯವರೂ ನಮ್ಮಲ್ಲಿಗೆ ಬಂದು ಮೂರು ವಾರ ಇದ್ದರು. ಆಗ ಹನ್ನೊಂದು ದಿನ, ದಿನಕ್ಕೆ ಒಂದೊಂದು ಗಂಟೆ, ಅಂಗಳದ ಕಡೆಗೆ ತೆರೆದಿರುವ ಜಗಲಿಯಲ್ಲಿ ಅವರ ವಾಚನವನ್ನು ಮುದ್ರಿಸಿದೆನು. ತಂಬೂರಿ ಮೀಟಿದವರು ಅತ್ತೆ. ಮೈಕನ್ನು ಎರವಲು ಕೊಟ್ಟಿದ್ದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಬೆಂಗಳೂರಿನಲ್ಲಿ ಧ್ವನಿಮುದ್ರಣದ ಕೆಲಸದಲ್ಲಿರುವವನು. ಮೊದಲ ದಿನದ ಹತ್ತು ನಿಮಿಷದ ಮಾದರಿಯನ್ನು ಅವನಿಗೆ ಕಳುಹಿಸಿದೆನು. “ಚೆನ್ನಾಗಿದೆ, ಹೀಗೆಯೇ ನಡೆಸಿ, ಏನನ್ನೂ ಮುಟ್ಟಬೇಡಿ” ಎಂದು ಉತ್ತರ ಬಂದಿತು.

ನಾನು ಮುಟ್ಟಿದೆನು. ನನ್ನ ಓದುವ ಕೋಣೆಯ ಮೂಲೆಯ ಬೀರುವಿನ ಮೇಲೆ ಎರಡು ದೊಡ್ಡ ಕರಿಯ ಪೆಟ್ಟಿಗೆಗಳಿದ್ದುವು. ಸಿನಿಮಾ ಹಾಡು ಹಾಕಿದರೆ ಕಿಟಕಿಯ ಗಾಜು ನಡುಗುತ್ತಿತ್ತು. ಅದನ್ನೇ ಗುಣವೆಂದು ಎಣಿಸಿ ಕೊಂಡಿದ್ದೆನು. ಅವುಗಳಲ್ಲಿ ಮಾವನವರ ವಾಚನವನ್ನು ಹಾಕಿ, ಎದುರು ಗೋಡೆಗೆ ಆರಾಮಕುರ್ಚಿಯನ್ನು ಒತ್ತಿಕೊಂಡು ಕೇಳಿದರೆ, ತಂಬೂರಿಯ ಮಂದ್ರವು ಕೋಣೆಯನ್ನೆಲ್ಲ ತುಂಬಿ ಗುಂಯ್‌ಗುಟ್ಟುತ್ತಿತ್ತು. ಮಾವನವರ ಧ್ವನಿ ಹಂಡೆಯೊಳಗಿಂದ ಬಂದಂತೆ ಕೇಳಿಸುತ್ತಿತ್ತು. ದೋಷ ಮುದ್ರಣದಲ್ಲಿದೆಯೆಂದೇ ನಾನು ನಿಶ್ಚಯಿಸಿದೆನು. ಕಂಪ್ಯೂಟರಿನಲ್ಲಿ ಸೆಕೆಂಡಿಗೆ ೧೫೦ ಕಂಪನಗಳಿಗಿಂತ ಕೆಳಗಿರುವ ಭಾಗವನ್ನೆಲ್ಲ ಕಡಿದುಹಾಕಿದೆನು. ಗುಂಯ್ಕಾರ ಹೋಯಿತು, ಅಕ್ಷರಗಳು ಸ್ಪಷ್ಟವಾದುವು. ಹೀಗೆ ‘ಶುದ್ಧ’ವಾದ ಪ್ರತಿಗಳನ್ನು ಸಣ್ಣ ಗಾತ್ರಕ್ಕೆ ಇಳಿಸಿ ಇಟ್ಟುಕೊಂಡು, ಕಂಪ್ಯೂಟರಿನಲ್ಲಿ ಸ್ಥಳ ಸಾಲದೆಂದು ಮೂಲಗಳನ್ನು ಅಳಿಸಿಬಿಟ್ಟೆನು. ಮೂವತ್ತು ವರ್ಷ ಹುಡುಗರಿಗೆ ಮೂಲಪಾಠ ಪಾಠಾಂತರಗಳ ವಿಷಯವನ್ನು ಬೋಧಿಸಿದವನು ಮಾಡಿದ ಕೆಲಸವಿದು!

೨೦೨೧ರಲ್ಲಿ ಮಾವನವರು ತೀರಿಕೊಂಡರು. ವರ್ಷಾಬ್ದಿಕದ ದಿನ ಸಂಜೆ ಬೆಂಗಳೂರಿನಲ್ಲಿ ಅವರ ಮಗನ ಮನೆಯಲ್ಲಿ ಎಲ್ಲರೂ ಕುಳಿತಿರುವಾಗ ನನ್ನ ಪ್ರತಿಗಳನ್ನು ಹಾಕಿದೆವು. ಅಲ್ಲಿದ್ದುವು ಒಳ್ಳೆಯ ಸ್ಪೀಕರುಗಳು. ಅತ್ತೆಯವರು ಐದು ನಿಮಿಷ ಕೇಳಿ, “ಇದು ಅವರಿಗೆ ಜ್ವರ ಬಂದಾಗ ಓದಿದ್ದೇನೋ, ಮಗು? ನಾನು ಮೀಟಿದ ತಂಬೂರಿ ಎಲ್ಲಿ?” ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಕಡಿದುದನ್ನು ಮತ್ತೆ ಏರಿಸಲು ಆಮೇಲೆ ಯತ್ನಿಸಿದುದುಂಟು. ಏರಿದುದು ಬರಿಯ ಮೊರೆತ. ಹನ್ನೊಂದು ಗಂಟೆಗಳಲ್ಲಿ ಅವರ ನಿಜವಾದ ಧ್ವನಿ ಉಳಿದಿರುವುದು ಆ ವಿದ್ಯಾರ್ಥಿಯ ಬಳಿಯಿದ್ದ ಹತ್ತು ನಿಮಿಷದ ಮಾದರಿಯಲ್ಲಿ ಮಾತ್ರ.

ಅವನು ಒಂದು ಭಾನುವಾರ ನಮ್ಮ ಮನೆಗೆ ಬಂದು ಕೋಣೆಯನ್ನು ನೋಡಿದನು. ಒಂದು ಸಲ ಚಪ್ಪಾಳೆ ತಟ್ಟಿದನು. ಅಳತೆಯ ಪಟ್ಟಿಯನ್ನು ತೆಗೆದು ಅಗಲ ಎಂಟಡಿ, ಉದ್ದ ಹದಿನಾರಡಿ ಎಂದು ಬರೆದುಕೊಂಡು ನಕ್ಕನು. “ಮೇಷ್ಟ್ರೇ, ನಿಮ್ಮ ಕೋಣೆ ಒಂದೂವರೆ ಮನೆ ಶ್ರುತಿಗೆ ಕೂಡಿದೆ” ಎಂದನು. “ಏನಪ್ಪಾ ಹಾಗೆಂದರೆ?” ಎಂದು ಕೇಳಿದ್ದಕ್ಕೆ ಅವನು ಹೇಳಿದ ಲೆಕ್ಕವನ್ನು ವಾಚಕರ ಮುಂದೆ ಇಡುತ್ತೇನೆ. ಗಣಿತಕ್ಕೆ ಹೆದರುವವರೂ ಇದಕ್ಕೆ ಹೆದರಬೇಕಾದುದಿಲ್ಲ.

ಧ್ವನಿಯು ಸೆಕೆಂಡಿಗೆ ಸುಮಾರು ೧,೧೩೦ ಅಡಿ ಸಾಗುತ್ತದೆ. ಎಂಟಡಿ ಅಗಲದ ಕೋಣೆಯಲ್ಲಿ ಅದು ಒಂದು ಗೋಡೆಯಿಂದ ಹೊರಟು ಎದುರು ಗೋಡೆಯನ್ನು ತಾಗಿ ಹಿಂದಿರುಗಲು ೧೬ ಅಡಿ ನಡೆಯಬೇಕು. ೧,೧೩೦ನ್ನು ೧೬ರಿಂದ ಭಾಗಿಸಿದರೆ ೭೦ ಚಿಲ್ಲರೆ. ಅಂದರೆ ಸೆಕೆಂಡಿಗೆ ೭೦ ಸಲ ಕಂಪಿಸುವ ಸ್ವರವು ಹೊರಟಿತೆಂದರೆ, ಹೋಗಿ ಬಂದ ಅಲೆಯೂ ಹೊಸದಾಗಿ ಹೊರಡುವ ಅಲೆಯೂ ಸಮಕ್ಕೆ ಕೂಡಿಕೊಂಡು, ತೊಟ್ಟಿಲನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಾಗ ತೂಗು ಹೆಚ್ಚುವಂತೆ, ಆ ಒಂದು ಸ್ವರ ಮಾತ್ರ ಮಿತಿಮೀರಿ ಉಬ್ಬುತ್ತದೆ. ಉದ್ದದ ಕಡೆಯಿಂದ ಲೆಕ್ಕ ಹಾಕಿದರೆ ೩೫ ಬರುತ್ತದೆ. ಅದರ ಇಮ್ಮಡಿಯೂ ೭೦. ಒಂದೂವರೆ ಮನೆಯ ಶ್ರುತಿಯಲ್ಲಿ ಗಂಡಸರ ಮಧ್ಯಷಡ್ಜವು ಸುಮಾರು ೧೩೯ ಕಂಪನ. ತಂಬೂರಿಯ ಮಂದ್ರದ ತಂತಿಯು ಅದರ ಅರ್ಧ, ಎಂದರೆ ೬೯. ಹೀಗೆ ಉದ್ದ ಅಗಲಗಳೆರಡೂ ಸಂಚುಹೂಡಿ ಅತ್ತೆಯವರ ತಂಬೂರಿಯನ್ನು ಉಬ್ಬಿಸಿದುವು. ಸ್ಪೀಕರುಗಳು ಮೂಲೆಯಲ್ಲಿದ್ದುದರಿಂದಲೂ ನಾನು ಗೋಡೆಗೆ ತಲೆಯೊರಗಿಸಿ ಕುಳಿತಿದ್ದುದರಿಂದಲೂ ಅದು ಇನ್ನೂ ಹೆಚ್ಚಿತು. ಏಕೆಂದರೆ ಮಂದ್ರಧ್ವನಿ ಅತಿಯಾಗಿ ಕೂಡುವುದು ಗೋಡೆಯ ಬದಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಮೂಲೆಯಲ್ಲಿ. ಜಗಲಿಯಲ್ಲಿ ಮುದ್ರಿಸಿದುದರಲ್ಲಿ ಈ ದೋಷದ ಲೇಶವೂ ಇರಲಿಲ್ಲ. ಕೋಣೆಯ ರೋಗಕ್ಕೆ ಮಾವನವರ ಧ್ವನಿಗೆ ಔಷಧ ಕುಡಿಸಿದಂತಾಯಿತು.

ಇನ್ನು ಆ ಪೆಟ್ಟಿಗೆಗಳ ಪಾಲು. ಇಂದು ನಾವು ಬಳಸುವ ಸ್ಪೀಕರಿನ ರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು ೧೯೨೫ರಲ್ಲಿ ವಿವರಿಸಿದರು. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಶಂಕು. ವಿದ್ಯುತ್ತು ಹರಿದಂತೆ ಶಂಕು ಹಿಂದುಮುಂದಾಗಿ ಗಾಳಿಯನ್ನು ತಳ್ಳುತ್ತದೆ. ನೂರು ವರ್ಷ ಕಳೆದರೂ ತತ್ತ್ವ ಅದೇ. ಮಂದ್ರಸ್ವರಕ್ಕೆ ಬಹಳ ಗಾಳಿಯನ್ನು ತಳ್ಳಬೇಕು. ಅದಕ್ಕೆ ದೊಡ್ಡ ಶಂಕುವೂ ದೊಡ್ಡ ಪೆಟ್ಟಿಗೆಯೂ ಬೇಕು. ೧೯೫೪ರಲ್ಲಿ ಎಡ್ಗರ್ ವಿಲ್ಚರ್ ಎಂಬವರು ಗಾಳಿ ಹೊರಹೋಗದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದಲೂ ಆಳವಾದ ಮಂದ್ರವನ್ನು ಹೊರಡಿಸಬಹುದೆಂದು ತೋರಿಸಿದರು. ಆದರೆ ಅದಕ್ಕೆ ಆಂಪ್ಲಿಫೈಯರಿನ ಬಲ ಹೆಚ್ಚು ಬೇಕಾಯಿತು. ಸಣ್ಣ ಗಾತ್ರ, ಆಳವಾದ ಮಂದ್ರ, ಅಲ್ಪ ವಿದ್ಯುತ್ತಿನಲ್ಲಿ ದೊಡ್ಡ ಶಬ್ದ, ಈ ಮೂರೂ ಒಂದೆಡೆ ಕೂಡುವುದಿಲ್ಲ. ಮೂರನ್ನೂ ಕೊಡುತ್ತೇನೆಂದು ಹೇಳುವ ಅಗ್ಗದ ಪೆಟ್ಟಿಗೆ ಮಾಡುವುದೇನೆಂದರೆ, ಸೆಕೆಂಡಿಗೆ ನೂರು ಕಂಪನದ ಆಸುಪಾಸಿನಲ್ಲಿ ಒಂದು ಉಬ್ಬನ್ನು ಎಬ್ಬಿಸಿ ಮಂದ್ರವಿದೆಯೆಂಬ ಭ್ರಾಂತಿಯನ್ನು ಹುಟ್ಟಿಸುವುದು. ಕುಣಿಯುವ ಹುಡುಗರಿಗೆ ಅದು ಸಾಕು. ಮುದ್ರಿಸುವವನಿಗೆ ಅದು ಎಲ್ಲ ಹುಡುಗರಿಗೂ ‘ಭೇಷ್’ ಎಂದು ಅಂಕ ಹಾಕುವ ಪರೀಕ್ಷಕನಿದ್ದಂತೆ. ಯಾರು ತೇರ್ಗಡೆ, ಯಾರು ನಪಾಸು ಎಂಬುದೇ ತಿಳಿಯುವುದಿಲ್ಲ.

ಇದಕ್ಕೆ ವಿಪರೀತವಾದ ಕಥೆಯೂ ಒಂದುಂಟು. ಜಪಾನಿನ ಯಾಮಹಾ ಸಂಸ್ಥೆಯವರು ೧೯೭೮ರಲ್ಲಿ ಎನ್.ಎಸ್.-೧೦ ಎಂಬ, ಬಿಳಿಯ ಶಂಕುವಿನ ಸಣ್ಣ ಸ್ಪೀಕರನ್ನು ಮನೆಗಳಿಗೆಂದು ಹೊರತಂದರು. ಮನೆಯವರಿಗೆ ಅದು ಹಿಡಿಸಲಿಲ್ಲ, ಧ್ವನಿ ಒರಟೆಂದರು. ಆದರೆ ಧ್ವನಿಮುದ್ರಣಾಲಯಗಳವರು ಅದನ್ನೇ ಆರಿಸಿಕೊಂಡು ಲೋಕದ ನಾನಾ ಕಡೆಗಳಲ್ಲಿ ತಮ್ಮ ಮೇಜುಗಳ ಮೇಲೆ ಇಟ್ಟುಕೊಂಡರು. ಮುದ್ರಣದಲ್ಲಿ ಧ್ವನಿ ಕರ್ಕಶವಾಗಿದ್ದರೆ ಅದು ಮುಚ್ಚಿಡದೆ ತೋರಿಸುತ್ತಿತ್ತು. ತೀಕ್ಷ್ಣತೆ ಸಹಿಸಲಾಗದೆ ಕೆಲವರು ಅದರ ಟ್ವೀಟರಿನ ಮುಂದೆ ತೆಳುಕಾಗದವನ್ನು ಅಂಟಿಸುತ್ತಿದ್ದರಂತೆ! ೨೦೦೧ರಲ್ಲಿ ಅದರ ತಯಾರಿಕೆ ನಿಂತಿತು. ಅದನ್ನೇ ಹುಡುಕಿಕೊಂಡು ಹೋಗಿರೆಂದು ನಾನು ಹೇಳುವುದಿಲ್ಲ. ಕೇಳುವವನಿಗೆ ಬೇಕಾದುದೂ ಮುದ್ರಿಸುವವನಿಗೆ ಬೇಕಾದುದೂ ಬೇರೆಬೇರೆ ಎಂಬುದಕ್ಕೆ ಇದೊಂದು ಸಾಕ್ಷಿ.

ಈಗ ಕೊಳ್ಳುವ ವಿಷಯ. ಸ್ಪೀಕರುಗಳಲ್ಲಿ ಎರಡು ಬಗೆ. ಒಂದಕ್ಕೆ ಆಂಪ್ಲಿಫೈಯರನ್ನು ಬೇರೆಯಾಗಿ ಕೊಳ್ಳಬೇಕು. ಇನ್ನೊಂದಕ್ಕೆ ಅದು ಪೆಟ್ಟಿಗೆಯೊಳಗೇ ಇರುತ್ತದೆ. ಮುದ್ರಣಕ್ಕೆಂದು ಮಾಡಿದ ಈ ಎರಡನೆಯ ಬಗೆಯನ್ನು ಅಂಗಡಿಯವರು ‘ಸ್ಟುಡಿಯೋ ಮಾನಿಟರು’ ಎನ್ನುತ್ತಾರೆ. ಯಾಮಹಾ, ಜೆ.ಬಿ.ಎಲ್., ಪ್ರಿಸೋನಸ್ ಮೊದಲಾದ ಸಂಸ್ಥೆಯವರು ಇವನ್ನು ಮಾಡುತ್ತಾರೆ. ಹೊಸದಾಗಿ ಪ್ರಾರಂಭಿಸುವ ಗೃಹಸ್ಥನಿಗೆ ಇವೇ ಮೇಲು. ಶಂಕುವಿಗೂ ಆಂಪ್ಲಿಫೈಯರಿಗೂ ಹೊಂದಿಕೆಯನ್ನು ಮಾಡಿದವರೇ ನೋಡಿರುತ್ತಾರೆ. ನಮಗೆ ಆ ತಲೆನೋವಿಲ್ಲ. ಮನೆಯಲ್ಲಿ ಒಳ್ಳೆಯ ಹಳೆಯ ಆಂಪ್ಲಿಫೈಯರು ಇದ್ದರೆ ಮೊದಲನೆಯ ಬಗೆಯಿಂದ ಹಣ ಉಳಿಯುತ್ತದೆ.

ಅಳತೆಯ ವಿಷಯದಲ್ಲಿ ನನ್ನ ಸಲಹೆ ಅಂಗಡಿಯವರ ಸಲಹೆಯಲ್ಲ. ಮನೆಯಲ್ಲಿ ಹಾಡುವವರ ಶ್ರುತಿಯನ್ನು ನೋಡಿ ಅಳತೆಯನ್ನು ಗೊತ್ತುಮಾಡಿರಿ. ಮೂರೂವರೆ ಅಂಗುಲದ ಶಂಕುವುಳ್ಳವು ಸೆಕೆಂಡಿಗೆ ೮೦ ಕಂಪನಗಳ ಆಚೀಚೆಯವರೆಗೆ ಮಾತ್ರ ಇಳಿಯುತ್ತವೆ. ಐದು ಅಂಗುಲದವು ಮಾಡಿದವರ ಕೌಶಲವನ್ನನುಸರಿಸಿ ೫೦ರಿಂದ ೭೫ರವರೆಗೆ. ಐದೂವರೆ ಮನೆಯಲ್ಲಿ ಹಾಡುವ ಹೆಂಗಸರ ಮಧ್ಯಷಡ್ಜ ೨೦೮, ಅವರ ತಂಬೂರಿಯ ಮಂದ್ರ ೧೦೪. ಮಗಳ ಹಾಡನ್ನೋ ವೀಣೆಯ ಪಾಠವನ್ನೋ ಮುದ್ರಿಸುವವರಿಗೆ ಸಣ್ಣ ಜೋಡಿಯಿಂದ ಬಹುಮಟ್ಟಿಗೆ ಕೆಲಸ ನಡೆಯುತ್ತದೆ. ಗಂಡಸರ ಗಾಯನ, ಗಮಕ, ಮೃದಂಗ ಇವಕ್ಕೆ ಐದು ಅಂಗುಲ ಬೇಕು. ಎಂಟು ಅಂಗುಲದ್ದು ಹತ್ತಡಿ ಹನ್ನೆರಡಡಿಯ ಕೋಣೆಗೆ ಅತಿ. ಅದರ ಮಂದ್ರ ನಿಮ್ಮ ಗೋಡೆಗಳನ್ನು ಕೆಣಕುವುದಕ್ಕೆ ಮಾತ್ರ ಉಪಯೋಗ. ನಾನು ವಿಚಾರಿಸಿದಾಗ ಸಣ್ಣ ಜೋಡಿ ೧೦,೦೦೦ ರೂಪಾಯಿಗಳ ಸುಮಾರಿಗೂ, ಐದು ಅಂಗುಲದ ಜೋಡಿ ೨೫,೦೦೦ದಿಂದ ಮೇಲಕ್ಕೂ ಇತ್ತು. ಎರಡನೆಯದು ಹೊರೆಯೇ ಹೌದು. ಕೈಯಲ್ಲಿ ಹಣವಿಲ್ಲದಿದ್ದರೆ ಸಣ್ಣದನ್ನು ಕೊಂಡು, ಅದರ ಮಿತಿಯನ್ನು ನೆನಪಿನಲ್ಲಿಟ್ಟುಕೊಂಡು, ತನಗೆ ಕೇಳಿಸದ ಮಂದ್ರವನ್ನು ತಿದ್ದದೆ ಇರುವುದು ಮರ್ಯಾದೆ.

ವಾಟುಗಳ ಸಂಖ್ಯೆಗೆ ಮರುಳಾಗಬೇಡಿರಿ. ವಾಟು ಇಮ್ಮಡಿಯಾದರೆ ಶಬ್ದ ಹೆಚ್ಚುವುದು ಮೂರೇ ಡೆಸಿಬೆಲ್. ಕಿವಿಗೆ ಎರಡರಷ್ಟೆಂದು ತೋರಬೇಕಾದರೆ ಹತ್ತುಮಡಿ ಬೇಕು. ಪೆಟ್ಟಿಗೆಯ ಮೇಲೆ ಸಾವಿರಗಳಲ್ಲಿ ಅಚ್ಚುಹಾಕುವ ಪಿ.ಎಂ.ಪಿ.ಓ. ಎಂಬ ಅಂಕಿ ಅರ್ಥವಾದ, ಯಥಾರ್ಥವಲ್ಲ. ತಂತಿಯಿಲ್ಲದ ಬ್ಲೂಟೂತಿನಲ್ಲಿ ಧ್ವನಿ ಒಂದು ಕ್ಷಣ ತಡವಾಗಿ ಬರುವುದರಿಂದ ಮುದ್ರಣದ ಕೆಲಸಕ್ಕೆ ತಂತಿಯನ್ನೇ ನಂಬತಕ್ಕದ್ದು. ಹಳೆಯದನ್ನು ಕೊಳ್ಳುವವರು ಶಂಕುವಿನ ಸುತ್ತಣ ಬಳೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಬೇಕು. ಅದು ಫೋಮಿನದಾಗಿದ್ದರೆ ಹತ್ತು ಹದಿನೈದು ವರ್ಷಗಳಲ್ಲಿ, ಕರಾವಳಿಯ ತೇವದಲ್ಲಿ ಇನ್ನೂ ಬೇಗ, ಪುಡಿಪುಡಿಯಾಗುತ್ತದೆ. ರಬ್ಬರಿನದೂ ಬಟ್ಟೆಯದೂ ಬಾಳಿಕೆ ಬರುತ್ತವೆ.

ಪರೀಕ್ಷೆಗೆ ಅಂಗಡಿಯವರ ಹಾಡು ಬೇಡ. ಅವರು ತಮ್ಮ ಸರಕಿಗೆ ಒಪ್ಪುವುದನ್ನೇ ಹಾಕುತ್ತಾರೆ. ನಿಮ್ಮ ಮನೆಯಲ್ಲಿ ಮುದ್ರಿಸಿದುದನ್ನು, ಅದರಲ್ಲಿಯೂ ದಿನವೂ ಎದುರಿಗೆ ಕೇಳುವವರ ಧ್ವನಿಯನ್ನು, ಒಯ್ಯಿರಿ. ನಾನು ಒಯ್ದುದು ಮಾವನವರ ಆ ಹತ್ತು ನಿಮಿಷವನ್ನು. ಎರಡು ಜೋಡಿಗಳನ್ನು ಹೋಲಿಸುವಾಗ ಶಬ್ದದ ಪ್ರಮಾಣ ಎರಡಕ್ಕೂ ಒಂದೇ ಇರಬೇಕು. ಒಂದಿಷ್ಟು ಜೋರಾಗಿರುವುದೇ ಯಾವಾಗಲೂ ಚೆನ್ನೆಂದು ಕಿವಿಗೆ ತೋರುತ್ತದೆ. ಅಂಗಡಿಯವನು ಇದನ್ನು ನಮಗಿಂತ ಚೆನ್ನಾಗಿ ಬಲ್ಲನು.

ತಂಬೂರಿಯೊಂದನ್ನೇ ಕೇಳುವುದು ಬಹಳ ಒಳ್ಳೆಯ ಪರೀಕ್ಷೆ. ಅದರ ಕುದುರೆಯ ಬಾಗಿದ ಬೆನ್ನೂ ತಂತಿಯ ಕೆಳಗೆ ಸಿಕ್ಕಿಸುವ ಜೀವದ ದಾರವೂ ಸೇರಿ ಮೂಲಸ್ವರದ ಮೇಲೆ ಅನುಸ್ವರಗಳನ್ನು ಹೇರಳವಾಗಿ ಎಬ್ಬಿಸುತ್ತವೆ. ಸಿ. ವಿ. ರಾಮನ್ನರು ೧೯೨೧ರಲ್ಲಿಯೇ ಒಂದು ಲೇಖನದಲ್ಲಿ ಇದನ್ನು ವಿಚಾರಮಾಡಿದ್ದಾರೆ. ಹೀಗಾಗಿ ಒಂದೇ ಮೀಟಿನಲ್ಲಿ ವೂಫರಿಗೂ ಟ್ವೀಟರಿಗೂ ಕೆಲಸ ಬೀಳುತ್ತದೆ. ನಾಲ್ಕು ತಂತಿಗಳೂ ಸಮತೂಕದಲ್ಲಿ ಕೇಳಿಸಿ, ಮೇಲೆ ಆ ಝೇಂಕಾರ ಎಳೆಎಳೆಯಾಗಿ ಬಿಚ್ಚಿಕೊಂಡರೆ ಸ್ಪೀಕರು ಸತ್ಯವಾದಿ. ಒಂದು ತಂತಿ ಮಾತ್ರ ಮುನ್ನುಗ್ಗಿದರೆ ಸಂದೇಹಪಡಬೇಕು.

ಸಂಸ್ಕೃತದ ಮೇಷ್ಟರಾದ ನನ್ನದೇ ಇನ್ನೊಂದು ಪರೀಕ್ಷೆಯಿದೆ. ಶಂಕರ, ಸಂಕರ, ಬಾರ, ಭಾರ, ಹೀಗೆ ಜೋಡಿಜೋಡಿಯಾಗಿ ಶಬ್ದಗಳನ್ನು ಓದಿ ಮುದ್ರಿಸಿಕೊಂಡು, ಸ್ಪೀಕರಿನಲ್ಲಿ ಹಾಕಿ, ಪುಸ್ತಕ ನೋಡದವರೊಬ್ಬರನ್ನು ಎದುರಿಗೆ ಕೂರಿಸಿ ಬರೆಯಲು ಹೇಳುವುದು. ಸಕಾರ ಶಕಾರಗಳ ಭೇದವಿರುವುದು ಸೆಕೆಂಡಿಗೆ ಕೆಲವು ಸಾವಿರ ಕಂಪನಗಳ ಮೇಲ್ಮಟ್ಟದಲ್ಲಿ. ಟ್ವೀಟರು ಮಂಕಾಗಿದ್ದರೆ ಶಿವನು ವರ್ಣಸಂಕರವಾಗುತ್ತಾನೆ. ಅತಿ ಚುರುಕಾಗಿದ್ದರೆ ಸಕಾರಗಳೆಲ್ಲ ಹಾವಿನಂತೆ ಬುಸುಗುಟ್ಟುತ್ತವೆ. ಅಂಗಡಿಯ ಹುಡುಗನೇ ನನಗೆ ಬರೆದುಕೊಟ್ಟನು. ಅವನು ಮಾಡಿದ ತಪ್ಪುಗಳಲ್ಲಿ ಎಷ್ಟು ಸ್ಪೀಕರಿನವು, ಎಷ್ಟು ಅವನ ಮೇಷ್ಟರವು ಎಂಬುದನ್ನು ವಿಂಗಡಿಸುವುದು ಮಾತ್ರ ಸ್ವಲ್ಪ ಕಷ್ಟವಾಯಿತು.

ಒಬ್ಬರೇ ಓದಿದುದನ್ನು ಒಂದೇ ಮೈಕಿನಲ್ಲಿ ಹಿಡಿಯುವವರಿಗೆ ಎರಡು ಸ್ಪೀಕರು ಏಕೆಂದು ಕೆಲವರು ಕೇಳುತ್ತಾರೆ. ಸ್ಟೀರಿಯೋ ಪದ್ಧತಿಗೆ ೧೯೩೧ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಕೇಳಿದ ಅಲನ್ ಬ್ಲೂಮ್‌ಲೀನ್ ಅದನ್ನು ಎರಡು ಕಿವಿಗಳ ವ್ಯಾಪಾರದ ಮೇಲೆಯೇ ನಿಲ್ಲಿಸಿದನು. ಎರಡೂ ಪೆಟ್ಟಿಗೆಗಳು ಒಂದೇ ಧ್ವನಿಯನ್ನು ಸಮವಾಗಿ ಕೊಟ್ಟರೆ, ಹಾಡುವವರು ಪೆಟ್ಟಿಗೆಗಳಲ್ಲಿಲ್ಲದೆ ನಟ್ಟನಡುವೆ ಬರಿದಾದ ಸ್ಥಳದಲ್ಲಿ ಕುಳಿತಂತೆ ಕೇಳಿಸುತ್ತದೆ. ಹಾಗೆ ಕೇಳಿಸದೆ ಧ್ವನಿ ಅತ್ತಿತ್ತ ಅಲೆದರೆ, ಮಂದ್ರವೂ ಕುಗ್ಗಿದರೆ, ಒಂದು ಪೆಟ್ಟಿಗೆಯ ಕೆಂಪು ಕರಿಯ ತಂತಿಗಳು ಅದಲುಬದಲಾಗಿರಬೇಕು. ಸ್ಪೀಕರು ಕೆಟ್ಟಿತೆಂದು ಅಂಗಡಿಗೆ ಹೊತ್ತುಕೊಂಡು ಹೋಗುವುದಕ್ಕೆ ಮುಂಚೆ ಇದನ್ನು ನೋಡತಕ್ಕದ್ದು. ಮುಂದೆ ವೀಣೆ ಮೃದಂಗಗಳನ್ನು ಎರಡು ಮೈಕುಗಳಲ್ಲಿ ಹಿಡಿಯುವ ಆಸೆಯಿದ್ದರಂತೂ ಜೋಡಿ ಬೇಕೇ ಬೇಕು.

ತಂದಮೇಲೆ ಇಡುವುದೂ ಕೊಳ್ಳುವಷ್ಟೇ ಮುಖ್ಯ. ಅದಕ್ಕೆ ಹಣವೂ ಬೇಡ. ಮೂಲೆಯನ್ನು ಬಿಡಿರಿ. ಎರಡು ಪೆಟ್ಟಿಗೆಗಳೂ ನಿಮ್ಮ ತಲೆಯೂ ಸಮಬಾಹು ತ್ರಿಕೋನವಾಗಿ, ಒಂದೊಂದು ಬಾಹುವೂ ನಾಲ್ಕಡಿಯಷ್ಟಿರಲಿ. ಟ್ವೀಟರು ಕಿವಿಯ ಮಟ್ಟಕ್ಕೆ ಬರಲಿ. ಬೆನ್ನ ಹಿಂದಣ ಗೋಡೆಯಿಂದ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳಿರಿ. ಅಡಿಗೆ ದಪ್ಪವಾದ ರಬ್ಬರಿನ ತುಂಡನ್ನು ಕೊಟ್ಟರೆ ಮೇಜು ತಾನೂ ಹಾಡುವುದು ತಪ್ಪುತ್ತದೆ. ಕಿಟಕಿಯ ಪರದೆ ಮೇಲಿನ ಸ್ವರಗಳನ್ನಷ್ಟೇ ತಗ್ಗಿಸುತ್ತದೆ. ಮಂದ್ರಕ್ಕೆ ದಪ್ಪ ಬೇಕು. ನಮ್ಮ ಮನೆಯಲ್ಲಿ ಹಳೆಯ ಹತ್ತಿಯ ಹಾಸಿಗೆಗಳನ್ನು ಸುರುಳಿಸುತ್ತಿ ಎರಡು ಮೂಲೆಗಳಲ್ಲಿ ನಿಲ್ಲಿಸಿದ್ದೇನೆ. ಮನೆಯಾಕೆಗೆ ಇದು ಒಪ್ಪಿಗೆಯಿಲ್ಲ. ನೆಂಟರು ಬಂದ ದಿನ ಅವು ಅಟ್ಟಕ್ಕೆ ಹೋಗುತ್ತವೆ.

ಶಬ್ದವನ್ನು ಎಷ್ಟಕ್ಕೆ ಇಟ್ಟು ಕೇಳಬೇಕೆಂಬುದನ್ನೂ ಗೊತ್ತುಮಾಡಿಕೊಳ್ಳಬೇಕು. ಮೆಲ್ಲಗೆ ಕೇಳಿದರೆ ಕಿವಿಗೆ ಮಂದ್ರ ಕಡಮೆಯೆಂದೂ, ಜೋರಾಗಿ ಕೇಳಿದರೆ ಹೆಚ್ಚೆಂದೂ ತೋರುತ್ತದೆ. ಫ್ಲೆಚರ್, ಮನ್ಸನ್ ಎಂಬಿಬ್ಬರು ೧೯೩೩ರಲ್ಲಿ ಇದನ್ನು ಅಳೆದು ತೋರಿಸಿದರು. ಆದುದರಿಂದ ಓದುವವರು ಎದುರಿಗೇ ಕುಳಿತು ಓದಿದರೆ ಎಷ್ಟು ಕೇಳಿಸುವುದೋ ಅಷ್ಟಕ್ಕೆ ಗುಬ್ಬಿಯನ್ನು ತಿರುಗಿಸಿ ಅಲ್ಲೊಂದು ಗುರುತು ಹಾಕಿಬಿಡುವುದು ಲೇಸು. ಮುದ್ರಣ ನಡೆಯುತ್ತಿರುವಾಗ ಮಾತ್ರ ಸ್ಪೀಕರು ಬಾಯಿ ಮುಚ್ಚಿರಬೇಕು. ಇಲ್ಲವಾದರೆ ಅದರ ಧ್ವನಿಯೇ ಮೈಕನ್ನು ಹೊಕ್ಕು ಕೂಗತೊಡಗುತ್ತದೆ. ಆಗ ಹೆಡ್‌ಫೋನನ್ನು ಬಳಸತಕ್ಕದ್ದು.

ನಾನು ಕೊನೆಗೆ ಐದು ಅಂಗುಲದ ಜೋಡಿಯನ್ನು ಕೊಂಡೆನು. ಅತ್ತೆಯವರನ್ನು ಕರೆತಂದು ಕೂರಿಸಿ ಆ ಹತ್ತು ನಿಮಿಷವನ್ನು ಹಾಕಿದೆನು. ಅವರು ಮಾತಾಡಲಿಲ್ಲ, ಮಡಿಲಲ್ಲಿದ್ದ ಬಲಗೈಯ ಬೆರಳುಗಳು ತಂಬೂರಿಯನ್ನು ಮೀಟುವಂತೆ ಆಡುತ್ತಿದ್ದುವು. ಮುಗಿದಮೇಲೆ, “ಮಿಕ್ಕದ್ದು?” ಎಂದು ಕೇಳಿದರು. ಮಿಕ್ಕುದಿಲ್ಲವೆಂದು ಅವರಿಗೆ ಮೊದಲೇ ಹೇಳಿದ್ದೆನು, ಮತ್ತೊಮ್ಮೆ ಹೇಳಬೇಕಾಯಿತು.

ನಮ್ಮ ಅಕ್ಕನಿಗೆ ಎಪ್ಪತ್ತು ವರ್ಷ. ಹಸೆಯ ಹಾಡು, ಆರತಿಯ ಹಾಡು, ಬೀಗರ ಹಾಡು ಎಲ್ಲ ಸೇರಿ ನೂರರ ಮೇಲೆ ಅವಳಿಗೆ ಬಾಯಲ್ಲಿವೆ. ಪುಸ್ತಕದಲ್ಲಿ ಒಂದೂ ಇಲ್ಲ. ಮೂವತ್ತೊಂದನ್ನು ಮುದ್ರಿಸಿದ್ದೇವೆ. ಮೂಲಪ್ರತಿಗಳು ಎರಡು ಬೇರೆಬೇರೆ ಮನೆಗಳಲ್ಲಿವೆ. ಅವನ್ನು ನಾನು ತಿದ್ದುವುದಿಲ್ಲ. ಬರುವ ಗುರುವಾರ ಅವಳು ಬರುತ್ತಾಳೆ. ಅಷ್ಟರೊಳಗೆ ಹಾಸಿಗೆಗಳನ್ನು ಅಟ್ಟದಿಂದ ಇಳಿಸಬೇಕು.